ಮಾಸು ಎಂಬ ಹೊಸ ಒಕ್ಕಲು

ಹೆರಿಗೆಯ ಕೋಣೆಯಿಂದ ಮಗುವಿನ ಅಳು ಕೇಳಿಬಂದರೆ ಹೊರಗೆ ಕಾದು ನಿಂತವರಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಗಂಡೋ ಹೆಣ್ಣೋ, ತೂಕವೆಷ್ಟು, ಮೂಗು ಯಾರ ಕಡೆಯದು, ಹುಟ್ಟಿದ ಗಳಿಗೆ ಯಾವ ನಕ್ಷತ್ರಕ್ಕೆ ಬಿದ್ದಿತು ಎಂಬ ವಿಚಾರಣೆ ಆಗಲೇ ಆರಂಭವಾಗುತ್ತದೆ. ಆದರೆ ಒಳಗೆ ವೈದ್ಯರೂ ದಾದಿಯರೂ ಇನ್ನೂ ಕಾಯುತ್ತಲೇ ಇರುತ್ತಾರೆ. ಮಗುವಿನ ಬೆನ್ನಹಿಂದೆ ಇನ್ನೊಂದು ಬರಬೇಕಾಗಿದೆ. ಅದು ಬಂದು, ಚೂರೂ ಒಳಗೆ ಉಳಿಯದೆ ಪೂರ್ತಿಯಾಗಿ ಬಂದಿತೆಂದು ಕಣ್ಣಾರೆ ಕಂಡ ಮೇಲೆಯೇ ಅವರಿಗೆ ನೆಮ್ಮದಿ. ಅದೇ ಮಾಸು. ಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಜರಾಯುವೆಂದು ಹೆಸರು. ಹಳ್ಳಿಗಳ ಕಡೆ ಅದನ್ನು ‘ಕಸ’ವೆಂದೇ ಕರೆಯುವುದುಂಟು. ಹಿತ್ತಿಲಲ್ಲಿ ಗುಂಡಿ ತೋಡಿ ಹೂತುಬಿಟ್ಟರೆ ಅದರ ಕಥೆ ಮುಗಿಯಿತು.

ಕಸವೆಂಬುದು ಅದರ ಕೊನೆಯ ಗಳಿಗೆಯನ್ನು ನೋಡಿ ಇಟ್ಟ ಹೆಸರು. ಊಟದ ತಟ್ಟೆಯಷ್ಟು ಅಗಲ, ಸುಮಾರು ಅರ್ಧ ಕಿಲೋ ತೂಕದ ಈ ಅಂಗವು ಒಂಬತ್ತು ತಿಂಗಳ ಕಾಲ ಮಗುವಿಗೆ ಶ್ವಾಸಕೋಶವಾಗಿ, ಜಠರವಾಗಿ, ಮೂತ್ರಪಿಂಡವಾಗಿ ದುಡಿದಿರುತ್ತದೆ. ಇಷ್ಟು ಮಟ್ಟಿಗೆ ಶಾಲೆಯ ಮಕ್ಕಳೂ ಬಲ್ಲರು. ಆದರೆ ಮಾಸು ತನಗೊಂದು ಠಾವು ಮಾಡಿಕೊಳ್ಳಲು ಮೊದಲ ನಾಲ್ಕು ತಿಂಗಳಲ್ಲಿ ತಾಯಿಯ ಗರ್ಭಕೋಶದೊಳಗೆ ನಡೆಸುವ ಉದ್ಯಮವನ್ನು ಬಲ್ಲವರು ಕಡಿಮೆ. ತಾಯಿಗೆ ತಾನು ಬಸುರಿಯೆಂದು ತಿಳಿಯುವ ಮೊದಲೇ ಆರಂಭವಾಗುವ ಆ ಕೆಲಸ ಎಷ್ಟು ಸರಿಯಾಗಿ ನಡೆಯಿತೆಂಬುದರ ಮೇಲೆ ಎಂಟನೆಯ ತಿಂಗಳಲ್ಲಿ ಅವಳ ಆರೋಗ್ಯ, ಕೆಲವೊಮ್ಮೆ ಅವಳ ಪ್ರಾಣವೇ, ನಿಂತಿರುತ್ತದೆ. ಈ ವಾರ ಆ ಕಥೆಯನ್ನು ನೋಡೋಣ.

ಆರನೆಯ ದಿನ

ಅಂಡಾಣು ಮತ್ತು ವೀರ್ಯಾಣುಗಳು ಕೂಡುವುದು ಗರ್ಭಕೋಶದ ಪಕ್ಕದ ಅಂಡನಾಳದಲ್ಲಿ. ಕೂಡಿದ ಕಣವು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಮೆಲ್ಲಮೆಲ್ಲನೆ ಗರ್ಭಕೋಶದ ಕಡೆಗೆ ಸಾಗಿಬರುತ್ತದೆ. ಐದನೆಯ ದಿನದ ಹೊತ್ತಿಗೆ ಅದು ಸುಮಾರು ನೂರು ಜೀವಕೋಶಗಳ ಒಂದು ಪುಟ್ಟ ಗುಳ್ಳೆ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಐದರಲ್ಲೊಂದು ಪಾಲಿಗೂ ಮೀರದು. ಅದರ ಮುಂದೆ ಸಾಸಿವೆಯ ಕಾಳೂ ಕುಂಬಳಕಾಯಿ.

ಅಷ್ಟು ಪುಟ್ಟ ಗುಳ್ಳೆಯಲ್ಲಿ ಆಗಲೇ ಪಾಲಾಗಿರುತ್ತದೆ. ಒಳಗಡೆ ಒಂದು ಮೂಲೆಯಲ್ಲಿ ಗುಂಪುಗೂಡಿದ ಕೆಲವು ಕೋಶಗಳು ಮುಂದೆ ಮಗುವಾಗತಕ್ಕವು. ಹೊರಗೋಡೆಯ ಕೋಶಗಳೆಲ್ಲ ಮುಂದೆ ಮಾಸು ಆಗತಕ್ಕವು. ಈ ಹೊರಗೋಡೆಗೆ ‘ಟ್ರೋಫೋಬ್ಲಾಸ್ಟ್’ ಎಂಬ ಹೆಸರನ್ನು 1889ರಲ್ಲಿ ಇಟ್ಟವರು ಹಾಲೆಂಡಿನ ವಿಜ್ಞಾನಿ ಹ್ಯೂಬ್ರೆಕ್ಟ್. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಉಣಿಸುವ ಮೊಳಕೆಯೆಂದು ಅರ್ಥ. ನಾವು ಪೋಷಕ ಕೋಶಗಳೆಂದು ಕರೆಯೋಣ. ಮಗುವಿಗೆ ಕೈಕಾಲು ಮೂಡುವುದಕ್ಕೆ ಎಷ್ಟೋ ಮೊದಲೇ ಅದರ ಅಡಿಗೆಯ ಮನೆ ಸಿದ್ಧವಾಗತೊಡಗುತ್ತದೆ.

ಆರನೆಯ ಅಥವಾ ಏಳನೆಯ ದಿನ ಈ ಗುಳ್ಳೆ ಗರ್ಭಕೋಶದ ಒಳಪೊರೆಯನ್ನು ಮುಟ್ಟಿ ಅಂಟಿಕೊಳ್ಳುತ್ತದೆ. ಆಮೇಲೆ ಅದು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಪೋಷಕ ಕೋಶಗಳು ಒಳಪೊರೆಯನ್ನು ಬಗಿದುಕೊಂಡು ಒಳಗೆ ಇಳಿಯುತ್ತವೆ. ಹನ್ನೆರಡನೆಯ ದಿನದ ಹೊತ್ತಿಗೆ ಗುಳ್ಳೆ ಪೂರ್ತಿಯಾಗಿ ಹುದುಗಿಹೋಗಿ, ಮೇಲಿನ ಪೊರೆ ಮತ್ತೆ ಕೂಡಿಕೊಂಡಿರುತ್ತದೆ. ಮುಂಚೂಣಿಯ ಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕೆಡವಿಕೊಂಡು ಒಂದೇ ಹಾಸಿನಂತೆ ಬೆಸೆದುಕೊಳ್ಳುತ್ತವೆ. ಹೀಗೆ ಬೆಸೆಯುವ ವಿದ್ಯೆಯನ್ನು ನಮ್ಮ ಪೂರ್ವಜರ ವಂಶವಾಹಿಗಳೊಳಗೆ ಕೋಟ್ಯಂತರ ವರ್ಷಗಳ ಹಿಂದೆ ಸೇರಿಕೊಂಡ ಒಂದು ವೈರಸ್ಸಿನಿಂದ ಅವು ಕಲಿತವೆಂದು 2000ದಲ್ಲಿ ತಿಳಿದುಬಂದಿತು. ಹಿಂದೆ ರೋಗವಾಗಿ ಬಂದದ್ದು ಇಂದು ಪ್ರತಿಯೊಂದು ಬಸುರಿಗೂ ಆಧಾರವಾಗಿದೆ!

ಇದೇ ಹಾಸಿನಿಂದ ತಾಯಿಯ ರಕ್ತಕ್ಕೆ ಒಂದು ರಸದೂತ ಹೊರಡುತ್ತದೆ. ‘ಈ ಸಲ ಮುಟ್ಟು ಬರಗೊಡಬೇಡ’ ಎಂಬುದು ಅಂಡಾಶಯಕ್ಕೆ ಅದು ಮುಟ್ಟಿಸುವ ಸಂದೇಶ. ಔಷಧದ ಅಂಗಡಿಯಲ್ಲಿ ದೊರೆಯುವ ಬಸುರಿನ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡುವುದೂ ಈ ದೂತನನ್ನು ಕಂಡೇ. ಆ ಗೆರೆಯನ್ನು ನೋಡಿ ‘ಮಗು ಬಂದಿದೆ’ ಎಂದು ಹಿಗ್ಗುತ್ತೇವೆ. ಸರಿಯಾಗಿ ಹೇಳುವುದಾದರೆ ಬಂದಿರುವ ವರ್ತಮಾನ ಮಾಸಿನದು.

ಇಷ್ಟು ಎಳೆಯ ಗರ್ಭವನ್ನು ಕಂಡವರು ಯಾರು ಎಂದು ನೀವು ಕೇಳಬಹುದು. 1938ರಿಂದ ಸುಮಾರು ಹದಿನೈದು ವರ್ಷಗಳ ಕಾಲ ಅಮೆರಿಕದ ಬಾಸ್ಟನ್ ಬಳಿಯ ಆಸ್ಪತ್ರೆಯೊಂದರಲ್ಲಿ ಆರ್ಥರ್ ಹರ್ಟಿಗ್ ಮತ್ತು ಜಾನ್ ರಾಕ್ ಎಂಬ ವೈದ್ಯರು ಇದಕ್ಕಾಗಿ ದುಡಿದರು. ಕಾಯಿಲೆಯ ನಿಮಿತ್ತ ಗರ್ಭಕೋಶವನ್ನು ತೆಗೆಸಿಕೊಳ್ಳಲಿದ್ದ 210 ಮಂದಿ ಹೆಂಗಸರು ದಿನಗಳ ಲೆಕ್ಕವನ್ನು ಬರೆದುಕೊಟ್ಟು ಅವರೊಡನೆ ಸಹಕರಿಸಿದರು. ಹಾಗೆ ತೆಗೆದ ಗರ್ಭಕೋಶಗಳಲ್ಲಿ ಹದಿನೇಳು ದಿನಗಳೊಳಗಿನ 34 ಎಳೆಯ ಗರ್ಭಗಳು ದೊರೆತವು. 1956ರಲ್ಲಿ ಅವುಗಳ ವರ್ಣನೆ ಪ್ರಕಟವಾಯಿತು. ಇಂದಿನ ನಿಯಮಗಳ ಪ್ರಕಾರ ಇಂಥ ಅಧ್ಯಯನಕ್ಕೆ ಒಪ್ಪಿಗೆ ದೊರೆಯುವುದು ಕಷ್ಟ. ಆದರೆ ಮನುಷ್ಯಗರ್ಭದ ಮೊದಲ ದಿನಗಳ ಬಗ್ಗೆ ಪಠ್ಯಪುಸ್ತಕಗಳಲ್ಲಿರುವ ಚಿತ್ರಗಳಿಗೆ ಇಂದಿಗೂ ಆ ಹೆಂಗಸರಿಗೇ ನಾವು ಋಣಿಗಳು.

ಬರಿಯ ಹೊಲವಲ್ಲ

ತಂದೆ ಬೀಜ, ತಾಯಿ ಹೊಲ ಎಂಬ ಮಾತು ನಮ್ಮಲ್ಲಿ ಹಳೆಯದು. ಹೊಲಕ್ಕೇನು, ಬಿತ್ತಿದ್ದನ್ನು ಹೊತ್ತುಕೊಂಡು ಬಿದ್ದಿರುತ್ತದೆ ಎಂಬ ಭಾವನೆ ಅದರಲ್ಲಿ ಅಡಗಿದೆ. ಗರ್ಭಕೋಶವನ್ನು ನೋಡಿದವರು ಈ ಮಾತನ್ನು ಒಪ್ಪಲಾರರು.

ಹಸುವನ್ನು ನೋಡಿರಿ. ಅದರ ಮಾಸು ಗರ್ಭಕೋಶದ ಮೈಗೆ ರವಿಕೆಯ ಒತ್ತುಗುಂಡಿಗಳ ಹಾಗೆ ಅಲ್ಲಲ್ಲಿ ಕಚ್ಚಿಕೊಂಡಿರುತ್ತದೆ. ಗೋಡೆಯನ್ನು ಕೊರೆದು ಒಳಗೆ ನುಗ್ಗುವುದಿಲ್ಲ. ಹಂದಿ ಕುದುರೆಗಳಲ್ಲಿಯೂ ಅದು ಮೇಲುಮೇಲೆಯೇ ನಿಲ್ಲುತ್ತದೆ. ಮನುಷ್ಯರಲ್ಲಿಯೂ, ನಮ್ಮ ಸಮೀಪದ ಬಂಧುಗಳಾದ ಚಿಂಪಾಂಜಿ ಗೊರಿಲ್ಲಾಗಳಲ್ಲಿಯೂ ಮಾತ್ರ ಪೋಷಕ ಕೋಶಗಳು ಒಳಪೊರೆಯನ್ನು ದಾಟಿ, ಅದರಾಚೆಗಿನ ಸ್ನಾಯುಗೋಡೆಯ ಮೂರನೆಯ ಒಂದು ಪಾಲಿನವರೆಗೂ ಇಳಿಯುತ್ತವೆ. ಇಷ್ಟು ಆಳಕ್ಕೆ ಬರುವ ಒಕ್ಕಲನ್ನು ಅಂಕೆಯಲ್ಲಿಡಲು ಮನೆಯೂ ಅಷ್ಟೇ ಗಟ್ಟಿಯಾಗಿರಬೇಕು.

ಆದುದರಿಂದಲೇ ಹೆಂಗಸಿನ ಗರ್ಭಕೋಶ ಅತಿಥಿ ಬರುವವರೆಗೆ ಕಾಯದೆ ತಿಂಗಳು ತಿಂಗಳೂ ಮುಂಚಿತವಾಗಿಯೇ ಸಜ್ಜಾಗುತ್ತದೆ. ಒಳಪೊರೆ ದಪ್ಪವಾಗುತ್ತದೆ, ಅದರ ಕೋಶಗಳು ಉಬ್ಬಿ ಒತ್ತೊತ್ತಾಗಿ ನಿಲ್ಲುತ್ತವೆ, ಕಾವಲಿನ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಅತಿಥಿ ಬಾರದಿದ್ದರೆ ಇಡೀ ಏರ್ಪಾಡನ್ನು ಕಳಚಿಹಾಕಿ ಹೊಸದಾಗಿ ಆರಂಭಿಸುತ್ತದೆ. ಮುಟ್ಟೆಂದರೆ ಇದೇ. ಸಸ್ತನಿಗಳಲ್ಲಿ ಮುಟ್ಟಾಗುವ ಪ್ರಾಣಿಗಳು ಬಹಳ ಕಡಿಮೆ: ಮನುಷ್ಯರು, ವಾನರ ಜಾತಿಯ ಕೆಲವು, ಕೆಲವು ಬಾವಲಿಗಳು, ಇನ್ನು ಒಂದೆರಡು ಸಣ್ಣ ಪ್ರಾಣಿಗಳು, ಇಷ್ಟೇ. ಮೂಲೆಯಲ್ಲಿ ಕೂಡಿಸಿ ಮೈಲಿಗೆಯೆಂದು ದೂರವಿಟ್ಟದ್ದು, ತಾಯಿಯ ರಕ್ಷಣೆಗಾಗಿ ಕಟ್ಟಿ ಈ ತಿಂಗಳು ಬೇಡವಾಗಿ ಕೆಡವಿದ ಒಂದು ಕೋಟೆಯನ್ನು.

ಬಸಿರು ನಿಂತರೆ ಈ ಕೋಟೆ ಇನ್ನಷ್ಟು ಬಲಗೊಳ್ಳುತ್ತದೆ. ಆಗ ಅದಕ್ಕೆ ‘ಡೆಸಿಡುವಾ’ ಎಂದು ಹೆಸರು. ಎಲೆ ಉದುರುವಂತೆ ಹೆರಿಗೆಯಲ್ಲಿ ಉದುರುವುದರಿಂದ ಲ್ಯಾಟಿನ್ನಿನ ಈ ಹೆಸರು ಬಂದಿತು. ಈ ಕೋಟೆ ಎಷ್ಟು ಮುಖ್ಯವೆಂದು ಅದಿಲ್ಲದ ಕಡೆ ನೋಡಿದರೆ ತಿಳಿಯುತ್ತದೆ. ಕೆಲವೊಮ್ಮೆ ಗರ್ಭವು ದಾರಿಯಲ್ಲಿಯೇ, ಅಂಡನಾಳದಲ್ಲಿಯೇ, ನೆಲಸಿಬಿಡುತ್ತದೆ. ಅಲ್ಲಿ ಇಂಥ ಒಳಪೊರೆಯ ಕಾವಲಿಲ್ಲ. ಪೋಷಕ ಕೋಶಗಳು ತಡೆಯುವವರಿಲ್ಲದೆ ಕೊರೆದುಕೊಂಡು ಹೋಗಿ ನಾಳವನ್ನು ಒಡೆದುಬಿಡುತ್ತವೆ. ತಾಯಿ ಒಳಗೊಳಗೇ ರಕ್ತಸ್ರಾವವಾಗಿ ಅಪಾಯಕ್ಕೆ ಸಿಲುಕುತ್ತಾಳೆ. 1960ರ ಸುಮಾರಿಗೆ ಆಕ್ಸ್‌ಫರ್ಡಿನ ಡೇವಿಡ್ ಕರ್ಬಿ ಇಲಿಯ ಎಳೆಯ ಗರ್ಭಗಳನ್ನು ಇಲಿಯ ಮೂತ್ರಪಿಂಡದ ಸಿಪ್ಪೆಯ ಕೆಳಗೆ ನೆಟ್ಟು ನೋಡಿದರು. ಅಲ್ಲಿಯೂ ಪೋಷಕ ಕೋಶಗಳು ಹುರುಪಿನಿಂದ ನುಗ್ಗಿದವು. ನುಗ್ಗುವುದು ಅವುಗಳ ಹುಟ್ಟುಗುಣ. ಮಿತಿ ಹೇಳುವವಳು ತಾಯಿ.

ತಿರುಪು ಕಿತ್ತ ನಲ್ಲಿ

ಇಷ್ಟು ಆಳಕ್ಕೆ ಇಳಿದು ಪೋಷಕ ಕೋಶಗಳು ಹುಡುಕುವುದೇನನ್ನು? ತಾಯಿಯ ರಕ್ತನಾಳಗಳನ್ನು.

ತಾಯಿಯ ರಕ್ತ ನೇರವಾಗಿ ಮಗುವಿನ ಮೈಯೊಳಗೆ ಹರಿಯುತ್ತದೆಂದು ಬಹುಕಾಲ ಅನೇಕರು ನಂಬಿದ್ದರು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ವಿಲಿಯಂ ಹಂಟರ್ ಮತ್ತು ಅವರ ತಮ್ಮ ಜಾನ್ ಹಂಟರ್ ರಕ್ತನಾಳಗಳಿಗೆ ಬಣ್ಣದ ಮೇಣವನ್ನು ತುಂಬಿ ಪರೀಕ್ಷಿಸಿ, ಎರಡೂ ರಕ್ತಗಳ ಹಾದಿ ಬೇರೆಬೇರೆಯೆಂದು ತೋರಿಸಿದರು. 1774ರಲ್ಲಿ ಅಣ್ಣನ ದೊಡ್ಡ ಚಿತ್ರಗ್ರಂಥ ಹೊರಬಂದಿತು. 1780ರಲ್ಲಿ ತಮ್ಮ, ಆ ಶೋಧ ತನ್ನದೆಂದು ರಾಯಲ್ ಸೊಸೈಟಿಯ ಮುಂದೆ ವಾದ ಹೂಡಿದರು. ಮಾಸಿನಲ್ಲಿ ತಾಯಿ ಮಗುವಿನ ರಕ್ತ ಬೇರೆಯೆಂದು ತೋರಿಸಿದ ಅಣ್ಣತಮ್ಮಂದಿರು ಕೊನೆಗೆ ತಾವೂ ಬೇರೆಯಾದರು!

ಮಾಸಿನಿಂದ ಬೇರಿನಂತೆ ಕವಲೊಡೆದ ಸಾವಿರಾರು ಎಳೆಗಳು ಹೊರಡುತ್ತವೆ. ತಾಯಿಯ ರಕ್ತ ಬಂದು ಈ ಎಳೆಗಳನ್ನು ತೊಯ್ಯಿಸಿ ಹಿಂತಿರುಗುತ್ತದೆ. ಎಳೆಗಳೊಳಗೆ ಹರಿಯುವ ಮಗುವಿನ ರಕ್ತವು ಆಹಾರವನ್ನೂ ಆಮ್ಲಜನಕವನ್ನೂ ಹೀರಿಕೊಂಡು ಕಲ್ಮಷವನ್ನು ಬಿಟ್ಟುಕೊಡುತ್ತದೆ. ಆ ರಕ್ತವನ್ನು ತರುವವು ಗರ್ಭಕೋಶದ ಸುರುಳಿ ಧಮನಿಗಳು. ಹೆಸರೇ ಹೇಳುವಂತೆ ಅವು ತಿರುಚಿಕೊಂಡ ಸಣ್ಣ ಕೊಳವೆಗಳು. ಅವುಗಳ ಗೋಡೆಯಲ್ಲಿ ಸ್ನಾಯುವಿದೆ. ದೇಹ ಬಯಸಿದಾಗ ಆ ಸ್ನಾಯು ಬಿಗಿದು ರಕ್ತವನ್ನು ಕಡಿಮೆ ಮಾಡಬಲ್ಲದು. ನಲ್ಲಿಗೆ ತಿರುಪು ಇದ್ದಂತೆ ಇದು.

ಬೆಳೆಯುವ ಮಗುವಿಗೆ ತಿರುಪಿರುವ ನಲ್ಲಿ ಸಾಲದು. ಪೋಷಕ ಕೋಶಗಳು ಧಮನಿಯ ಸುತ್ತಲಿನಿಂದಲೂ ಬಾಯಿಯ ಕಡೆಯಿಂದಲೂ ಬಂದು ಸೇರಿ, ಗೋಡೆಯ ಸ್ನಾಯುವನ್ನು ಕರಗಿಸಿ, ತಾವೇ ಅಲ್ಲಿ ಅಸ್ತರಿಯಾಗಿ ಕುಳಿತುಬಿಡುತ್ತವೆ. ಸಣ್ಣ ಕೊಳವೆ ಬಾಯಗಲಿಸಿದ ಆಲಿಕೆಯಂತಾಗುತ್ತದೆ; ಬಾಯಿಯ ಬಳಿ ಅದರ ಅಗಲ ಐದರಿಂದ ಹತ್ತು ಪಟ್ಟು ಹೆಚ್ಚುವುದುಂಟು. ಇನ್ನು ತಾಯಿಯ ದೇಹ ತಿರುಪನ್ನು ಬಿಗಿಯಲಾರದು, ಏಕೆಂದರೆ ತಿರುಪೇ ಇಲ್ಲ. ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ನಿರಾತಂಕವಾಗಿ ಹರಿಯುವುದು ಹೀಗೆ. ಬಾಡಿಗೆಗೆ ಬಂದವನು ಮನೆಯೊಡೆಯನ ನಲ್ಲಿಯನ್ನೇ ಬದಲಿಸಿದಂತೆ ಇದು. ಒಡೆಯನ ಒಪ್ಪಿಗೆಯಿಲ್ಲದೆ ನಡೆಯುವ ಕೆಲಸವಲ್ಲ.

ಇದರಲ್ಲಿಯೂ ಒಂದು ಸೋಜಿಗವಿದೆ. ಮೊದಲ ತಿಂಗಳುಗಳಲ್ಲಿ ಇದೇ ಕೋಶಗಳು ಧಮನಿಗಳ ಬಾಯಿಗೆ ಬಿರಡೆ ಹಾಕಿರುತ್ತವೆ. ಕೊನೆಯ ಮುಟ್ಟಿನಿಂದ ಎಣಿಸಿ ಹತ್ತು ಹನ್ನೆರಡು ವಾರಗಳವರೆಗೆ ತಾಯಿಯ ರಕ್ತ ಮಾಸಿನೊಳಕ್ಕೆ ರಭಸದಿಂದ ಬರುವುದಿಲ್ಲ. ಅಲ್ಲಿಯವರೆಗೆ ಗರ್ಭಕ್ಕೆ ಆಹಾರ ಗರ್ಭಕೋಶದ ಗ್ರಂಥಿಗಳು ಸುರಿಸುವ ರಸ. ಅಂಗಾಂಗಗಳು ಮೂಡುವ ಆ ನಾಜೂಕು ದಿನಗಳಲ್ಲಿ ಆಮ್ಲಜನಕವೂ ಅತಿಯಾದರೆ ಕೇಡೆಂದು ವಿಜ್ಞಾನಿಗಳ ಅಭಿಪ್ರಾಯ. ಬಿರಡೆ ಅಕಾಲದಲ್ಲಿ ಕಳಚಿ ರಕ್ತ ನುಗ್ಗಿದ್ದನ್ನು ಗರ್ಭಪಾತವಾದ ಅನೇಕ ಪ್ರಸಂಗಗಳಲ್ಲಿ ಕಂಡಿದ್ದಾರೆ.

ಹೆಸರಿಗೆ ಹಂತಕರು

ಮಗುವಿನ ಅರ್ಧಪಾಲು ತಂದೆಯದು. ತಂದೆಯ ಚರ್ಮದ ಒಂದು ತುಂಡನ್ನು ತಾಯಿಯ ಮೈಗೆ ಕಸಿ ಮಾಡಿದರೆ ಕೆಲವೇ ದಿನಗಳಲ್ಲಿ ಅವಳ ದೇಹ ಅದನ್ನು ಕಿತ್ತೊಗೆಯುತ್ತದೆ. ಹಾಗಿರುವಾಗ ಮಗುವನ್ನು ಒಂಬತ್ತು ತಿಂಗಳು ಸಹಿಸುವುದು ಹೇಗೆ? ಈ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಎತ್ತಿದವರು ಇಂಗ್ಲೆಂಡಿನ ಪೀಟರ್ ಮೆಡಾವರ್. ದೇಹ ಪರಕೀಯವನ್ನು ಸಹಿಸುವ ಬಗೆಯನ್ನು ಶೋಧಿಸಿದ್ದಕ್ಕಾಗಿ 1960ರಲ್ಲಿ ಅವರು ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಉತ್ತರದ ಒಂದು ಭಾಗ ಗುರುತಿನ ಚೀಟಿಯಲ್ಲಿದೆ. ನಮ್ಮ ಮೈಯ ಬಹುಪಾಲು ಕೋಶಗಳು ತಾವು ಯಾರೆಂದು ಸಾರುವ ಗುರುತುಗಳನ್ನು ಧರಿಸಿರುತ್ತವೆ. ಕಸಿಯನ್ನು ತಳ್ಳಿಹಾಕುವುದು ಅವುಗಳನ್ನು ಕಂಡೇ. ಒಳನುಗ್ಗುವ ಪೋಷಕ ಕೋಶಗಳು ಅಂಥ ಮುಖ್ಯ ಗುರುತುಗಳನ್ನು ಕಳಚಿಟ್ಟು, ಬೇರೆಲ್ಲಿಯೂ ಹೆಚ್ಚಾಗಿ ಕಾಣದ ಒಂದು ವಿಶೇಷ ಗುರುತನ್ನು ಧರಿಸಿ ಬರುತ್ತವೆ. ಅವುಗಳನ್ನು ಬಾಗಿಲಲ್ಲಿ ಎದುರುಗೊಳ್ಳುವವು ಒಳಪೊರೆಯ ಬಿಳಿ ರಕ್ತಕಣಗಳು. ಮೊದಲ ತಿಂಗಳುಗಳಲ್ಲಿ ಈ ಕಣಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ‘ಸಹಜ ಹಂತಕ ಕೋಶ’ಗಳೆಂಬ ಪಂಗಡಕ್ಕೆ ಸೇರಿದವು. ಹೆಸರನ್ನು ಕೇಳಿ ಹೆದರಬೇಕಾಗಿಲ್ಲ. ರಕ್ತದಲ್ಲಿರುವ ಅವುಗಳ ದಾಯಾದಿಗಳು ರೋಗಗ್ರಸ್ತ ಕೋಶಗಳನ್ನು ಕೊಲ್ಲುವುದು ನಿಜ. ಗರ್ಭಕೋಶದಲ್ಲಿರುವವು ಬಂದವನ ಚೀಟಿಯನ್ನು ನೋಡಿ, ಧಮನಿಗಳನ್ನು ಸಡಿಲಿಸಲು ತಾವೂ ಕೈಗೂಡಿಸುತ್ತವೆ. 2018ರಲ್ಲಿ ಮೊದಲ ಮೂರು ತಿಂಗಳ ಮಾಸು ಮತ್ತು ಒಳಪೊರೆಗಳ ಸುಮಾರು 70,000 ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ ನಕ್ಷೆ ಬರೆದಾಗ, ಎರಡು ಕಡೆಯವರ ನಡುವೆ ಎಡೆಬಿಡದ ಸಂಭಾಷಣೆಯೇ ನಡೆದಿರುವುದು ಕಂಡಿತು.

ಈ ಸಂಭಾಷಣೆ ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಕಾವಲಿನ ಕೋಶಗಳ ಗ್ರಹಿಕೆ ತಾಯಿಯ ವಂಶದಿಂದ ಬಂದದ್ದು. ಚೀಟಿಯ ಒಂದು ಪಾಲು ತಂದೆಯ ವಂಶದ್ದು. ಕೆಲವು ಜೋಡಿಗಳಲ್ಲಿ ಕಾವಲು ಅತಿ ಬಿಗಿಯಾಗಿ, ಮಾಸು ಸಾಕಷ್ಟು ಆಳಕ್ಕೆ ಇಳಿಯದೆ ತಾಯಿಗೆ ತೊಂದರೆಯಾಗುವ ಸಂಭವ ಹೆಚ್ಚೆಂದು 2004ರಲ್ಲಿ ಕೇಂಬ್ರಿಜ್ಜಿನ ಆಶ್ಲೀ ಮಾಫೆಟ್ ಮತ್ತು ಸಂಗಡಿಗರು ತೋರಿಸಿದರು. ಜೋಯಿಸರ ಕೂಟಕ್ಕೆ ಸಿಕ್ಕದ ಕೂಟ ಇದು. ಹಾಗೆಂದು ಮದುವೆಗೆ ಮುಂಚೆ ಇದನ್ನು ಪರೀಕ್ಷಿಸುವ ಗೊಡವೆ ಬೇಡ. ಸಂಭವ ತುಸು ಹೆಚ್ಚುತ್ತದೆ, ಅಷ್ಟೇ. ನೆನಪಿನಲ್ಲಿಡಬೇಕಾದುದು ಇಷ್ಟು: ಇದು ಇಬ್ಬರಿಂದ ಬಂದದ್ದು, ಒಬ್ಬಳ ದೋಷವಲ್ಲ.

ಮೇಲುಮೇಲೆ ನಿಂತರೆ

ಪೋಷಕ ಕೋಶಗಳು ಸಾಕಷ್ಟು ಇಳಿಯದೆ ಹೋದರೆ ಆಗುವುದೇನು? 1960ರ ದಶಕದಲ್ಲಿ ಬೆಲ್ಜಿಯಂ ದೇಶದ ಈವೋ ಬ್ರೋಸೆನ್ಸ್ ಮತ್ತು ಅವರ ಸಂಗಡಿಗರು ಮಾಸು ಕುಳಿತಿದ್ದ ಜಾಗದ ಧಮನಿಗಳನ್ನು ಪರೀಕ್ಷಿಸಿದರು. ಆರೋಗ್ಯವಾಗಿ ಹೆತ್ತವರಲ್ಲಿ ಅವು ಆಲಿಕೆಯಂತೆ ಅಗಲವಾಗಿದ್ದವು. ಬಸುರಿನಲ್ಲಿ ರಕ್ತದೊತ್ತಡ ಏರಿ ನರಳಿದವರಲ್ಲಿ ಅವು ಇಕ್ಕಟ್ಟಾಗಿಯೇ ಉಳಿದಿದ್ದವು. ಸ್ನಾಯುಗೋಡೆಯೊಳಗಿನ ಭಾಗದಲ್ಲಿ ತಿರುಪು ಹಾಗೆಯೇ ಇತ್ತು.

ಈ ರೋಗವನ್ನು ನಮ್ಮಲ್ಲಿ ಬಸುರಿನ ನಂಜೆಂದು ಕರೆಯುವ ವಾಡಿಕೆ. ನೂರು ಬಸುರಿಗಳಲ್ಲಿ ಎರಡರಿಂದ ಎಂಟು ಮಂದಿಗೆ ಇದು ಬರುತ್ತದೆ. ಸಾಮಾನ್ಯವಾಗಿ ಇಪ್ಪತ್ತು ವಾರಗಳ ಅನಂತರ ರಕ್ತದೊತ್ತಡ 140/90ಕ್ಕೆ ಅಥವಾ ಅದಕ್ಕೂ ಮೇಲೆ ಏರುತ್ತದೆ. ಮೂತ್ರದಲ್ಲಿ ಸಸಾರಜನಕ ಕಾಣಿಸಿಕೊಳ್ಳುತ್ತದೆ, ಇಲ್ಲವೆ ಪಿತ್ತಜನಕಾಂಗ, ಮೂತ್ರಪಿಂಡ ಮೊದಲಾದವುಗಳಿಗೆ ಪೆಟ್ಟು ಬೀಳುತ್ತದೆ. ಕೈಮೀರಿದರೆ ಸೆಳವು ಬಂದು ತಾಯಿ ಎಚ್ಚರ ತಪ್ಪುತ್ತಾಳೆ.

ಮೂಲ ಮಾಸಿನಲ್ಲಿಯೇ ಇದೆಯೆಂಬುದಕ್ಕೆ ಬಲವಾದ ಸಾಕ್ಷಿಯಿದೆ. ಅಪೂರ್ವವಾಗಿ ಕೆಲವರಲ್ಲಿ ಮಗುವೇ ಇಲ್ಲದೆ ಮಾಸು ಮಾತ್ರ ದ್ರಾಕ್ಷಿಗೊಂಚಲಿನಂತೆ ಬೆಳೆಯುತ್ತದೆ. ಅವರಿಗೂ ಈ ನಂಜು ಬರುತ್ತದೆ! ರಕ್ತ ಸಾಲದ ಮಾಸು ಒಂದು ಬಗೆಯ ಸಸಾರಜನಕವನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆಂದೂ, ಅದರಿಂದ ಅವಳ ಮೈಯ ರಕ್ತನಾಳಗಳೆಲ್ಲ ಕೆಡುತ್ತವೆಂದೂ 2003ರಲ್ಲಿ ಬಾಸ್ಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಅವರ ಮುಂದಾಳು ಮದರಾಸಿನಲ್ಲಿ ವೈದ್ಯಕೀಯ ಓದಿದ ಡಾ. ಅನಂತ ಕರುಮಂಚಿ.

ಗೋಡೆಯೇ ಇಲ್ಲದ ಕಡೆ

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಹಿಂದಿನ ಸಿಸೇರಿಯನ್ ಶಸ್ತ್ರಕ್ರಿಯೆಯ ಕಲೆಯಿರುವ ಕಡೆ ಒಳಪೊರೆ ಸರಿಯಾಗಿ ಬೆಳೆಯುವುದಿಲ್ಲ. ಮಾಸು ಅಲ್ಲಿಯೇ ಬಂದು ಕುಳಿತರೆ ತಡೆಯುವ ಕೋಟೆಯಿಲ್ಲ. ಕೋಶಗಳು ಸ್ನಾಯುವಿಗೇ ಕಚ್ಚಿಕೊಳ್ಳುತ್ತವೆ. ಕೆಲವೊಮ್ಮೆ ಗರ್ಭಕೋಶವನ್ನು ದಾಟಿ ಮೂತ್ರಚೀಲದವರೆಗೂ ಹೋಗುತ್ತವೆ. ಹೆರಿಗೆಯಾದ ಮೇಲೆ ಮಾಸು ಕಳಚಿಕೊಳ್ಳುವುದಿಲ್ಲ. ಬಲವಂತವಾಗಿ ಕಿತ್ತರೆ ರಕ್ತ ಧಾರಾಕಾರವಾಗಿ ಹರಿಯುತ್ತದೆ. 1937ರಲ್ಲಿಯೇ ಬಾಸ್ಟನ್ನಿನ ಅರ್ವಿಂಗ್ ಮತ್ತು ಮೇಲೆ ಹೇಳಿದ ಹರ್ಟಿಗ್ ಇದನ್ನು ವರ್ಣಿಸಿದ್ದರು. ಆಗ ಅದು ಬಲು ಅಪರೂಪ.

ಈಗ ಅಷ್ಟು ಅಪರೂಪವಲ್ಲ. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ಹೆರಿಗೆಗಳಲ್ಲಿ 21.5 ಸಿಸೇರಿಯನ್. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮಾಸು ಗರ್ಭಕೋಶದ ಬಾಯಿಯ ಮೇಲೆಯೇ ಕುಳಿತಿದ್ದ ತಾಯಂದಿರಲ್ಲಿ ಹೀಗೆ ಕಚ್ಚಿಕೊಂಡಿದ್ದುದು ಮೊದಲ ಸಿಸೇರಿಯನ್ ಆದಾಗ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40, ನಾಲ್ಕನೆಯದರಲ್ಲಿ 61. ತಾಯಿಯ ಅಥವಾ ಮಗುವಿನ ಜೀವ ಉಳಿಸಲು ಮಾಡಿದ ಶಸ್ತ್ರಕ್ರಿಯೆಗೆ ಯಾರೂ ಅಂಜಬೇಕಾಗಿಲ್ಲ. ಒಳ್ಳೆಯ ಮುಹೂರ್ತ ಸಿಕ್ಕಲೆಂದು ದಿನ ಗೊತ್ತುಮಾಡಿ ಹೊಟ್ಟೆ ಕೊಯ್ಯಿಸುವವರು ಮಾತ್ರ ಈ ಅಂಕಿಗಳನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಮನೆಯವರು ಮಾಡಬೇಕಾದುದು

ಕೋಶಗಳು ಇಳಿಯುವ ಆಳವನ್ನು ನಾವು ಯಾರೂ ತಿದ್ದಲಾರೆವು. ಆದರೆ ಅದರ ಫಲವನ್ನು ಮೊದಲೇ ಕಂಡುಹಿಡಿಯುವುದು ನಮ್ಮ ಕೈಯಲ್ಲಿದೆ.

ಮೊದಲನೆಯದು, ವೈದ್ಯರ ಬಳಿಗೆ ಬೇಗ ಹೋಗುವುದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ವಾಡಿಕೆ ನೆಂಟರ ಮಟ್ಟಿಗೆ ಇರಲಿ. ವೈದ್ಯರ ಮಟ್ಟಿಗೆ ಬೇಡ. ಹಿಂದೆ ನಂಜು ಬಂದಿದ್ದವರು, ಮೊದಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಇರುವವರು, ಅವಳಿ ಮಕ್ಕಳನ್ನು ಹೊತ್ತವರು, ಹಾಗೂ ತಾಯಿಗೋ ಅಕ್ಕತಂಗಿಯರಿಗೋ ನಂಜು ಬಂದಿದ್ದವರು ಅದನ್ನು ಮೊದಲ ಭೇಟಿಯಲ್ಲಿಯೇ ಹೇಳಬೇಕು. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಪಾಯ ಹೆಚ್ಚೆಂದು ಕಂಡ 1,776 ಗರ್ಭಿಣಿಯರಲ್ಲಿ ಅರ್ಧ ಮಂದಿಗೆ ಹನ್ನೊಂದರಿಂದ ಹದಿನಾಲ್ಕು ವಾರಗಳೊಳಗೆ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಆರಂಭಿಸಿದರು. ದಿನ ತುಂಬುವ ಮುನ್ನವೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ಮಾತ್ರೆಯಿಲ್ಲದವರಲ್ಲಿ ನೂರಕ್ಕೆ 4.3, ಮಾತ್ರೆ ತೆಗೆದುಕೊಂಡವರಲ್ಲಿ 1.6. ಧಮನಿಗಳು ತಿದ್ದಿಕೊಳ್ಳುತ್ತಿರುವ ಕಾಲದಲ್ಲಿಯೇ ಈ ಔಷಧ ಆರಂಭವಾಗಬೇಕು. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ವೈದ್ಯರ ತೀರ್ಮಾನ. ಪಕ್ಕದ ಮನೆಯವರ ಡಬ್ಬಿಯಿಂದ ಎರವಲು ತರುವಂಥದಲ್ಲ.

ಎರಡನೆಯದು, ಪ್ರತಿಯೊಂದು ಭೇಟಿಯಲ್ಲಿಯೂ ರಕ್ತದೊತ್ತಡವನ್ನು ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸುವುದು. ‘ಬಸುರಿಯ ಕಾಲು ಊದುವುದು ಸಹಜ, ನಮಗೂ ಊದಿತ್ತು’ ಎಂದು ಅತ್ತೆಯವರು ಹೇಳುವುದು ಬಹುಮಟ್ಟಿಗೆ ನಿಜವೇ. ಆದರೆ ಸಹಜವಾದ ಊತಕ್ಕೂ ನಂಜಿನ ಊತಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣದು. ತೋಳಿಗೆ ಕಟ್ಟುವ ಪಟ್ಟಿಗೆ ಕಾಣುತ್ತದೆ. ಮುಖವೂ ಕೈಯೂ ಇದ್ದಕ್ಕಿದ್ದಂತೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅಥವಾ ಮಿಂಚು ಹೊಡೆದಂತಾದರೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ, ‘ಪಿತ್ತ’ ಎಂದು ಕಷಾಯ ಕುದಿಸುತ್ತ ಕೂರದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಸೆಳವನ್ನು ತಡೆಯುವ ಔಷಧವಿದೆ. ಎಪ್ಸಮ್ ಲವಣವೆಂದು ಹಿರಿಯರು ಬಲ್ಲ ಮೆಗ್ನೀಸಿಯಂ ಸಲ್ಫೇಟನ್ನು ಸೂಜಿಯ ಮೂಲಕ ಕೊಟ್ಟರೆ ಸೆಳವಿನ ಸಂಭವ ಅರ್ಧಕ್ಕೂ ಕಡಿಮೆಯಾಗುವುದೆಂದು 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ತಾಯಂದಿರಲ್ಲಿ ನಡೆಸಿದ ಪರೀಕ್ಷೆ 2002ರಲ್ಲಿ ತೋರಿಸಿತು. ಹೆರಿಗೆಯಾದ ಮೇಲೂ ಕೆಲವು ವಾರ ಎಚ್ಚರ ಬೇಕು. ಬಾಣಂತಿಯಲ್ಲಿಯೂ ನಂಜು ತಲೆದೋರುವುದುಂಟು.

ಮೂರನೆಯದು, ಹಿಂದೆ ಸಿಸೇರಿಯನ್ ಆಗಿದ್ದರೆ ಮಾಸು ಎಲ್ಲಿ ಕುಳಿತಿದೆಯೆಂದು ಸ್ಕ್ಯಾನಿಂಗಿನ ಸಮಯದಲ್ಲಿ ಕೇಳಿ ತಿಳಿಯುವುದು. ಹಳೆಯ ಕಲೆಯ ಮೇಲೆ ಕುಳಿತಿದ್ದರೆ ರಕ್ತವೂ ನುರಿತ ವೈದ್ಯರೂ ಸಿದ್ಧವಾಗಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಏರ್ಪಾಡು ಮಾಡಬೇಕು. ಮೊದಲೇ ತಿಳಿದಿದ್ದರೆ ತಾಯಿ ಉಳಿಯುವ ಸಂಭವ ಎಷ್ಟೋ ಹೆಚ್ಚು.

ಕೊನೆಯ ಮಾತೊಂದುಂಟು. ನಂಜು ಬಂದ ಹೆಂಗಸಿಗೆ ನಮ್ಮ ಮನೆಗಳಲ್ಲಿ ಉಪಚಾರದ ಜೊತೆಗೆ ಬೈಗುಳವೂ ದೊರೆಯುತ್ತದೆ. ಉಪ್ಪಿನಕಾಯಿ ತಿಂದಳು, ಸಿನಿಮಾಕ್ಕೆ ಹೋದಳು, ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಅವಳಿಗೆ ವಾಕರಿಕೆ ಇನ್ನೂ ಕಡಿಮೆಯಾಗದಿದ್ದ ದಿನಗಳಲ್ಲಿ, ಕಣ್ಣಿಗೆ ಕಾಣದ ಕೋಶಗಳು ಕೂದಲೆಳೆಯಷ್ಟು ಆಳ ಇಳಿದವೋ ಇಲ್ಲವೋ ಎಂಬಲ್ಲಿ ಆ ಕಾರಣ ಅಡಗಿತ್ತು. ಅವಳು ಎಷ್ಟು ನೇಮದಿಂದಿದ್ದರೂ ಅದನ್ನು ತಿದ್ದಲಾಗುತ್ತಿರಲಿಲ್ಲ. ಅವಳ ಮುಂದೆ ಕುಳಿತು ತಪ್ಪು ಹುಡುಕುವ ಹೊತ್ತಿನಲ್ಲಿ ಒಮ್ಮೆ ಅವಳ ರಕ್ತದೊತ್ತಡವನ್ನು ಅಳೆಸಿಕೊಂಡು ಬರಬಹುದು.